ಎಂಬತ್ತೇಳಕ್ಕೆ ನಿಂತದ್ದು

"ಇದರ ಹೆಸರು ವಿಘ್ನನಾಶಕ," ಎಂದು ಘೋಷಿಸಿ ನಮ್ಮ ಯಜಮಾನರು ಪುಟ್ಟಸ್ವಾಮಿಯವರು ನನ್ನ ಟಿಫನ್ ಕ್ಯಾರಿಯರನ್ನು ಊಟದ ಮೇಜಿನ ಮೇಲಿಟ್ಟರು.

ಅದು ನನ್ನದೇ ಟಿಫನ್ ಕ್ಯಾರಿಯರ್. ತವರಿನಿಂದ ಬಂದದ್ದು, ನಾಲ್ಕು ಡಬ್ಬಿಯದು, ಮುಚ್ಚಳದ ಮೇಲೆ 'ಪ್ರಮೀಳಾ' ಎಂದು ಕೊರೆಸಿದ್ದು. ಯುಗಾದಿಯಿಂದ ಹುಡುಕುತ್ತಿದ್ದೆ. ಈಗ ಅದರ ನೆತ್ತಿಯಿಂದ ಎರಡು ವೈರು ಹೊರಟು, ಒಂದರ ತುದಿಗೆ ಕೆಂಪು ಕ್ಲಿಪ್ಪು, ಇನ್ನೊಂದರ ತುದಿಗೆ ಕಪ್ಪು ಕ್ಲಿಪ್ಪು ಮೊಸಳೆಯ ಹಾಗೆ ಬಾಯಿ ಕಚ್ಚಿಕೊಂಡು ನೇತಾಡುತ್ತಿದ್ದವು. ಮೊದಲ ಡಬ್ಬಿಯಲ್ಲಿ ಬ್ಯಾಟರಿ. ಎರಡನೆಯದರಲ್ಲಿ ನನ್ನ ಮಿಕ್ಸಿಯ ಮೋಟಾರು. ಮೂರನೆಯದರಲ್ಲಿ ನನ್ನ ಹೊಲಿಗೆ ಯಂತ್ರದ ಬಾಬಿನ್ನುಗಳು, ತಾಮ್ರದ ತಂತಿ ಸುತ್ತಿಸಿಕೊಂಡು.

"ನಾಲ್ಕನೇದರಲ್ಲಿ ಏನಿದೆ?" ಎಂದು ಕೇಳಿದೆ.

"ಮಂಡಕ್ಕಿ. ಕೆಲಸ ಮಾಡುವಾಗ ಹಸಿವಾಗುತ್ತೆ."

ನಮ್ಮವರು ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ಇದ್ದವರು. ಅಲ್ಲಿ ಇದ್ದಷ್ಟು ಕಾಲ ಯಂತ್ರಗಳನ್ನು ಹುಡುಗರ ಕೈಯಿಂದ ಕಾಪಾಡಿದರು. ನಿವೃತ್ತರಾದ ಮೇಲೆ ನಮ್ಮ ಮನೆಯ ಯಂತ್ರಗಳನ್ನು ಇವರ ಕೈಯಿಂದ ಕಾಪಾಡುವವರು ಯಾರೂ ಇರಲಿಲ್ಲ. ಹಾಸನದ ಸಾಲಗಾಮೆ ರಸ್ತೆಯ ಹಿಂದಿರುವ ನಮ್ಮ ಸಣ್ಣ ಮನೆಯಲ್ಲಿ ಫ್ಯಾನು ಬಿಚ್ಚಿದೆ, ಗೋಡೆ ಗಡಿಯಾರ ಬಿಚ್ಚಿದೆ, ವಾಷಿಂಗ್ ಮಷೀನು ಬಿಚ್ಚಿದೆ. ಯಾವುದೂ ಕೆಟ್ಟಿರಲಿಲ್ಲ. ಇನ್ನೂ ಚೆನ್ನಾಗಿ ಓಡಲಿ ಎಂದು ಬಿಚ್ಚಿದ್ದು. ಬಿಚ್ಚುವುದರಲ್ಲಿ ಇರುವ ಆಸಕ್ತಿ ಮುಚ್ಚುವುದರಲ್ಲಿ ಅವರಿಗೆ ಎಂದೂ ಬಂದಿಲ್ಲ. "ಓಡ್ತಿರೋ ಮಿಷನ್ನ ಯಾಕ್ಲಾ ಬಿಚ್ತೀಯಾ?" ಎಂದು ನಮ್ಮ ಅತ್ತೆ ನಿಂಗಮ್ಮನವರು ಮಗನನ್ನು ಕೇಳದ ದಿನವಿಲ್ಲ. ಆ ಪ್ರಶ್ನೆಗೆ ಉತ್ತರ ಬಂದ ದಿನವೂ ಇಲ್ಲ.

ಅಂದು ಬೆಳಿಗ್ಗೆ ನಿಂತಿದ್ದು ಮಾತ್ರ ಮನೆಯ ಯಂತ್ರವಲ್ಲ. ನನ್ನ ಆಫೀಸಿನ ಲ್ಯಾಪ್‌ಟಾಪು.

ಐವತ್ತು ದಾಟಿದ ಮೇಲೆ ಸಿಕ್ಕಿದ ನನ್ನ ಮೊದಲ ಕೆಲಸ ಅದು. ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಮನೆಯಲ್ಲೇ ಕುಳಿತು ಬಳಕೆಯ ಕೈಪಿಡಿಗಳನ್ನು ಕನ್ನಡದಲ್ಲಿ ಬರೆಯುತ್ತೇನೆ. ಗೀಸರ್ ಹೇಗೆ ಹಾಕಬೇಕು, ಗ್ರೈಂಡರ್ ಹೇಗೆ ತೊಳೆಯಬೇಕು, ಒದ್ದೆ ಕೈಯಲ್ಲಿ ಏನನ್ನು ಮುಟ್ಟಬಾರದು, ಇಂಥವು. ಒಂದು ವಾಷಿಂಗ್ ಮಷೀನು ತಯಾರಕರ ಕೈಪಿಡಿಯನ್ನು ಆಗತಾನೇ ಬರೆದು ಮುಗಿಸಿದ್ದೆ. ಬರೆಯುವಾಗ ನಮ್ಮ ಬಟ್ಟೆಯನ್ನು ಹಿತ್ತಲ ಕಲ್ಲಿನ ಮೇಲೇ ಒಗೆಯುತ್ತಿದ್ದೆ ಎಂಬುದನ್ನು ಕಂಪನಿಗೆ ಹೇಳಿಲ್ಲ.

ಅಂದು ಹನ್ನೊಂದು ಗಂಟೆಗೆ ಆ ತಯಾರಕರ ಮುಂದೆ ವಿಡಿಯೋ ಕರೆಯಲ್ಲಿ ಅದನ್ನು ಓದಿ ತೋರಿಸಬೇಕಿತ್ತು. ಹನ್ನೊಂದೂವರೆಗೆ ಅವರು ಇನ್ನೊಂದನ್ನು ನೋಡುವವರಿದ್ದರು: ತಾನಾಗಿಯೇ ಕನ್ನಡ ಬರೆಯುವ ಒಂದು ಸಾಫ್ಟ್‌ವೇರು. ಅದು ಗೆದ್ದರೆ ನನ್ನ ಕೆಲಸ ಆ ದಿನಕ್ಕೇ ಮುಗಿಯುತ್ತಿತ್ತು. ಮುಂದೂಡಬಹುದೇ ಎಂದು ನಮ್ಮ ಮೇಲಧಿಕಾರಿ ಶೈಲಜಾ ಅವರನ್ನು ಫೋನಿನಲ್ಲಿ ಕೇಳಿದ್ದಕ್ಕೆ, "ಪ್ರಮೀಳಾ, ಮುಂದೂಡೋಕೆ ಅವರು ನಮ್ಮ ಬೀಗರಲ್ಲ," ಎಂದರು. ಚಿತ್ರಗಳ ಸಮೇತ ಕೈಪಿಡಿ ಇದ್ದದ್ದು ಆ ಲ್ಯಾಪ್‌ಟಾಪಿನೊಳಗೆ ಮಾತ್ರ. ಅದರಿಂದ ಹೊರಗೆ ಏನನ್ನೂ ತೆಗೆಯಬಾರದೆಂಬುದು ಆಫೀಸಿನ ಕಟ್ಟಪ್ಪಣೆ.

ಲ್ಯಾಪ್‌ಟಾಪು ಹಿಂದಿನ ಸಂಜೆಯವರೆಗೂ ಚೆನ್ನಾಗಿತ್ತು. ನಾನು ತರಕಾರಿ ತರಲು ಹೋದಾಗ ಅದು ಪರದೆಯ ಮೂಲೆಯಲ್ಲಿ "ಈಗ ಅಪ್‌ಡೇಟ್ ಮಾಡಲೇ?" ಎಂದು ಕೇಳಿದೆ. ಅಲ್ಲೇ ಇದ್ದ ನಮ್ಮವರು "ಮಾಡು" ಎಂದು ಒತ್ತಿದ್ದಾರೆ. "ಪಾಪ, ಎಷ್ಟು ಮರ್ಯಾದೆಯಿಂದ ಕೇಳ್ತಿತ್ತು ಗೊತ್ತಾ," ಎಂದರು ಆಮೇಲೆ. ಬೆಳಿಗ್ಗೆ ನೋಡಿದರೆ ನೀಲಿ ಪರದೆ, ನಡುವೆ ತಿರುಗುವ ಚುಕ್ಕೆಗಳ ಬಳೆ, ಕೆಳಗೆ 'ಶೇಕಡಾ ೮೭ ಮುಗಿದಿದೆ. ದಯವಿಟ್ಟು ಆಫ್ ಮಾಡಬೇಡಿ.' ಕಾಫಿ ಆಯಿತು, ಎಂಬತ್ತೇಳು. ತಿಂಡಿ ಆಯಿತು, ಎಂಬತ್ತೇಳು. ಸ್ನಾನ ಮಾಡಿ ಬಂದರೂ ಎಂಬತ್ತೇಳು.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಆ ಕಡೆ ಒಬ್ಬಳು ಹುಡುಗಿ.

"ಲ್ಯಾಪ್‌ಟಾಪಿಗೆ ಅಂಟಿಕೊಂಡಿರೋದನ್ನೆಲ್ಲ ತೆಗೀರಿ ಮೇಡಂ."

ಮೌಸು ತೆಗೆದೆ. ಪೆನ್‌ಡ್ರೈವು ತೆಗೆದೆ. ನಮ್ಮವರು ಅದರ ಮೇಲೆ ಬಗ್ಗಿಕೊಂಡೇ ಇದ್ದರು.

"ಎಲ್ಲ ತೆಗೆದ್ರಾ?"

"ಒಂದು ಬಿಟ್ಟು," ಎಂದೆ.

"ಚಾರ್ಜರ್ ಇದೆಯಾ? ಡಿಸ್ಕಿನ ದೀಪ ಮಿನುಗ್ತಿದೆಯಾ?"

ಚಾರ್ಜರ್ ಇತ್ತು. ದೀಪ ಮಿನುಗುತ್ತಿರಲಿಲ್ಲ.

"ಹಾಗಾದ್ರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬಹುದು ಮೇಡಂ. ಸಾಮಾನ್ಯವಾಗಿ ಏನೂ ಆಗಲ್ಲ. ಆದ್ರೆ ಫೈಲ್ ಹೋದ್ರೆ ನಮ್ಮ ಜವಾಬ್ದಾರಿ ಇಲ್ಲ."

ನಾನು ಕೈಪಿಡಿ ಬರೆಯುವವಳು. 'ಸಾಮಾನ್ಯವಾಗಿ' ಎಂಬ ಪದವನ್ನು ಎಲ್ಲಿ, ಯಾಕೆ ಹಾಕುತ್ತೇವೆ ಎಂದು ನನಗೆ ಗೊತ್ತು. ಬಟನ್ ಒತ್ತಲಿಲ್ಲ. ಆಗಲೇ ನಮ್ಮವರು ಅಟ್ಟಕ್ಕೆ ಹೋಗಿ ವಿಘ್ನನಾಶಕವನ್ನು ಹೊತ್ತು ತಂದದ್ದು.

"ಇದಕ್ಕೆಂದೇ ಮಾಡಿದ್ದು ಪ್ರಮೀಳಾ. ನಿಂತದ್ದಕ್ಕೆ ಕೆಂಪು ಕ್ಲಿಪ್ಪು. ಭೂಮಿಗೆ ಕಪ್ಪು ಕ್ಲಿಪ್ಪು. ಸ್ವಿಚ್ ಹಾಕಿದ್ರೆ ಅದರಲ್ಲಿರೋ ತಡೆ ಪೂರ್ತಿ ಹೀರಿಕೊಂಡು ಭೂಮಿಗೆ ಸೇರಿಸಿಬಿಡುತ್ತೆ. ಸಿಡಿಲಿನ ಹಾಗೆ."

"ವಿಘ್ನ ಕಳಿಯಕ್ಕೆ ಗಣಪತಿ ಅವ್ನಲ್ಲ. ನಿಂದೇನ್ಲಾ ನಡುವೆ?" ಎಂದರು ಅತ್ತೆ.

"ಅವ್ವಾ, ಗಣಪತಿಗೆ ಲ್ಯಾಪ್‌ಟಾಪ್ ಗೊತ್ತಿಲ್ಲ."

"ನಿಂಗೂ ಗೊತ್ತಿಲ್ವಲ್ಲ."

ಬೇರೆ ದಾರಿ ಇದ್ದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಬೇರೆ ದಾರಿ ಇರಲಿಲ್ಲ. "ಹಾಕಿ," ಎಂದೆ.

ಆದರೆ ಅತ್ತೆ ಬಿಡಬೇಕಲ್ಲ. ಹೊಸ ಯಂತ್ರ ಪೂಜೆಯಿಲ್ಲದೆ ಓಡಕೂಡದು. ಟಿಫನ್ ಕ್ಯಾರಿಯರಿಗೆ ಅರಿಶಿನ ಕುಂಕುಮ ಇಟ್ಟರು. ನೀರಿನಲ್ಲಿ ನೆನೆಯುತ್ತಿದ್ದ ಕನಕಾಂಬರದ ದಂಡೆ ತಂದು, ತೊಟ್ಟಿಕ್ಕುತ್ತಿದ್ದದ್ದನ್ನು ಹಾಗೆಯೇ ಅದರ ಕೊರಳಿಗೆ ಸುತ್ತಿದರು. ಉಳಿದ ತುದಿಯನ್ನು ಗಂಟೆಯ ಹಿಡಿಗೆ ಸಿಕ್ಕಿಸಿಕೊಂಡು ಒಂದು ಕೈಯಲ್ಲಿ ಆರತಿ, ಒಂದು ಕೈಯಲ್ಲಿ ಗಂಟೆ ಹಿಡಿದು ಬಾರಿಸತೊಡಗಿದರು. ನಮ್ಮವರು ಕೆಂಪು ಕ್ಲಿಪ್ಪನ್ನು ಲ್ಯಾಪ್‌ಟಾಪಿನ ಕೀಲಿಗೂ ಕಪ್ಪನ್ನು ಕಿಟಕಿಯ ಸರಳಿಗೂ ಕಚ್ಚಿಸಿ ಸ್ವಿಚ್ ಹಾಕಿದರು.

ಎಂಬತ್ತೆಂಟು.

ಎಂಬತ್ತೊಂಬತ್ತು. ತೊಂಬತ್ತು. ನಮ್ಮವರು ನನ್ನ ಕಡೆ ನೋಡಿದ ನೋಟವಿದೆಯಲ್ಲ, ಅದನ್ನು ನಾನು ಮದುವೆಯ ಮಂಟಪದಲ್ಲೂ ನೋಡಿರಲಿಲ್ಲ.

"ಪುಟ್ಸಾಮಿ," ಎಂದರು ಅತ್ತೆ, ಸಣ್ಣ ದನಿಯಲ್ಲಿ. "ಗಂಟೆ ನಿಂತೋಯ್ತು ಕಣ್ಲಾ."

ಗಂಟೆ ಅರ್ಧ ಓರೆಯಾಗಿ, ನಾಲಗೆ ಅಂಚಿಗೆ ತಾಗಿದ್ದಂತೆಯೇ ನಿಂತಿತ್ತು. 'ಣ' ಎಂಬ ನಾದ ಹೊರಟದ್ದು ಮುಗಿಯದೆ ಗಾಳಿಯಲ್ಲಿ ತೂಗುತ್ತಿತ್ತು, ಹಲ್ಲು ಜುಂ ಎನ್ನುವಂತೆ. ಅತ್ತೆ ಕೈಬಿಟ್ಟರು. ಗಂಟೆ ಬೀಳಲಿಲ್ಲ. ಯಾರೂ ಹಿಡಿಯದೆ ಮೇಜಿನ ಮೇಲೆ ಮೊಳದೆತ್ತರದಲ್ಲಿ ಹಾಗೆಯೇ ನೇತಾಡಿತು.

"ಆರಿಸ್ಲಾ ಅದನ್ನ! ದೇವರ ಗಂಟೆ ಅದು!"

ನಮ್ಮವರು ಸ್ವಿಚ್ ಆರಿಸಿದರು. ಗಂಟೆ ಢಣ್ ಎಂದು ಬಿದ್ದು ಮೇಜಿನ ಕೆಳಗೆ ಉರುಳಿತು. ಲ್ಯಾಪ್‌ಟಾಪು ತೊಂಬತ್ತೊಂದರಿಂದ ಸರ್ರನೆ ಜಾರಿ ಎಂಬತ್ತೇಳಕ್ಕೆ ಬಂದು ಕುಳಿತಿತು.

ನಮ್ಮವರು ಒದ್ದೆ ದಂಡೆಯನ್ನೂ ಗಂಟೆಯನ್ನೂ ಲ್ಯಾಪ್‌ಟಾಪನ್ನೂ ಬಾರಿ ಬಾರಿ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಳ್ಳುತ್ತಿದ್ದರು. ಇವರು ಕುಣಿಯುವುದೊಂದು ಬಾಕಿ.

"ಗೊತ್ತಾಯ್ತಾ ಪ್ರಮೀಳಾ? ಭೂಮಿಗೆ ಹೋಗಲಿಲ್ಲ. ಹೂವಿನ ದಾರಿ ಹಿಡಿದು ಗಂಟೆಗೆ ಹೋಯ್ತು. ಅಂದ್ರೆ ತಡೆ ಅನ್ನೋದು ನಾಶ ಆಗಲ್ಲ. ಓಡ್ತಿರೋ ಇನ್ನೊಂದರ ಮೇಲೆ ಹೋಗಿ ಕೂರುತ್ತೆ. ಸ್ವಿಚ್ ಆರಿಸಿದ್ರೆ ಮನೆಗೆ ವಾಪಸ್ ಬರುತ್ತೆ. ಒಂದು ಓಡಬೇಕು ಅಂದ್ರೆ ಇನ್ನೊಂದು ನಿಲ್ಲಬೇಕು. ಇದು ಹೊಸ ನಿಯಮ. ಜಗತ್ತಿಗೇ ಗೊತ್ತಿಲ್ಲ."

ನಾನು ಗಂಟೆಯನ್ನು ಎತ್ತಿಕೊಳ್ಳಲು ಬಗ್ಗಿದವಳು ಅಲ್ಲೇ ಸ್ವಲ್ಪ ಹೊತ್ತು ಕುಳಿತೆ. ಜಗತ್ತಿಗೆ ಗೊತ್ತಿಲ್ಲದಿರಬಹುದು. ನನಗೆ ಆ ನಿಯಮ ಮದುವೆಯಾದ ಹೊಸದರಲ್ಲೇ ಗೊತ್ತಿತ್ತು. ಇವರು ಸಂಜೆ ಕಾಲೇಜಿಗೆ ಸೇರಿದ ವರ್ಷ ನಾನು ಬಿ.ಎಡ್. ಓದುತ್ತಿದ್ದೆ. ಮಾವನವರು ಹಾಸಿಗೆ ಹಿಡಿದಿದ್ದರು. ಸಂಜೆ ಯಾರಾದರೂ ಮನೆಯಲ್ಲಿರಬೇಕು. ನನಗೆ ನಿಲ್ಲಿಸು ಎಂದು ಯಾರೂ ಹೇಳಲಿಲ್ಲ, ಅದು ತಾನೇ ನಿಂತಿತು. ನಿಂತಿದೆಯೆಂದು ನನಗೇ ತಿಳಿದದ್ದು ಪರೀಕ್ಷೆಯ ದಿನ ಮಾವನವರಿಗೆ ಗಂಜಿ ಕುಡಿಸುತ್ತಿದ್ದಾಗ. ಇವರ ಸಂಜೆ ಕಾಲೇಜು ನೂರಕ್ಕೆ ನೂರು ಮುಗಿಯಿತು. ಕಪ್ಪು ಕ್ಲಿಪ್ಪು ಯಾವಾಗ ನನಗೆ ಕಚ್ಚಿಸಿದ್ದರೋ, ನನಗಂತೂ ಗೊತ್ತಾಗಿರಲಿಲ್ಲ. ಅವರಿಗೂ ಗೊತ್ತಿದ್ದಿರಲಾರದು. ಅದೇ ಅದರ ವಿಶೇಷ.

"ಹಾಗಾದ್ರೆ ಓಡ್ತಿರೋ ಬೇರೆ ಯಾವುದಕ್ಕಾದರೂ ಹಾಕಿ," ಎಂದೆ ಎದ್ದು ನಿಂತು. "ಫ್ಯಾನಿಗೆ ಹಾಕಿ."

"ಫ್ಯಾನು ಬಿಚ್ಚಿದೆ."

"ಗಡಿಯಾರಕ್ಕೆ."

"ಅದನ್ನೂ..."

ಮನೆಯಲ್ಲಿ ಓಡುತ್ತಿರುವ ವಸ್ತುವೊಂದನ್ನು ಹುಡುಕಿಕೊಂಡು ಮೂವರೂ ಕೋಣೆ ಕೋಣೆ ತಿರುಗಿದೆವು. ಒಂದೂ ಇರಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿ ಕುಕ್ಕರು ಬುಸುಗುಟ್ಟಿತು. ಬೇಳೆ ಇಟ್ಟದ್ದು ಎಲ್ಲರಿಗೂ ಮರೆತೇಹೋಗಿತ್ತು. ನಮ್ಮವರು ಲ್ಯಾಪ್‌ಟಾಪನ್ನೂ ಯಂತ್ರವನ್ನೂ ಮದುಮಕ್ಕಳಂತೆ ಒಟ್ಟಿಗೆ ಹೊತ್ತು ತಂದು ಕಟ್ಟೆಯ ಮೇಲಿಟ್ಟು, ಕಪ್ಪು ಕ್ಲಿಪ್ಪನ್ನು ಕುಕ್ಕರಿನ ಕಿವಿಗೆ ಕಚ್ಚಿಸಿದರು. ದಂಡೆ ತೆಗೆಯಲು ಹೋದದ್ದಕ್ಕೆ ಅತ್ತೆ ಕೈಮೇಲೆ ಹೊಡೆದರು. ಪೂಜೆ ಮಾಡಿದ ಹೂವು, ದೀಪ ಹಚ್ಚುವ ಹೊತ್ತಿನವರೆಗೆ ತೆಗೆಯುವ ಹಾಗಿಲ್ಲ.

ಸ್ವಿಚ್ ಬಿತ್ತು. ಸೀಟಿ ಅರ್ಧಕ್ಕೆ ಎದ್ದು ನಿಂತಿತು. ಅದರ ಮೇಲಿನ ಹಬೆ ಹತ್ತಿಯ ಉಂಡೆಯ ಹಾಗೆ ಅಲ್ಲಾಡದೆ ಕುಳಿತಿತು. ಅತ್ತೆ ಬೆರಳಿಂದ ಮುಟ್ಟಿ ನೋಡಿ, "ಬಿಸಿ ಇಲ್ಲ ಕಣವ್ವ, ಮೆತ್ತಗದೆ," ಎಂದರು. ಲ್ಯಾಪ್‌ಟಾಪು ಎಂಬತ್ತೆಂಟು, ತೊಂಬತ್ತು ದಾಟಿ ತೊಂಬತ್ತಮೂರಕ್ಕೆ ಬಂತು.

ಅಷ್ಟರಲ್ಲಿ ಪಕ್ಕದ ಮನೆಯ ಅಂಬುಜಾಕ್ಷಿ ಹಿತ್ತಲ ಬಾಗಿಲಿಂದ ಬಂದರು. ಅವರು ಬರುವಾಗಲೇ ಮಾತು ನಡೆಯುತ್ತಿರುತ್ತದೆ. ಆರಂಭವನ್ನು ಅವರ ಮನೆಯಲ್ಲೇ ಮುಗಿಸಿ ಬರುತ್ತಾರೆ.

"...ಅದಕ್ಕೇ ನಿಂಗಮ್ಮೋರೇ, ಮೂಲೆ ಮನೆ ಪಾರ್ವತಕ್ಕನ ಸೊಸೆ ಪೆಟ್ಟಿಗೆ ಹಿಡ್ಕೊಂಡು ಹೊರಟಳಂತೆ. ಇದೇನು, ಇಷ್ಟು ಹೊತ್ತಿಗೆ ಪೂಜೆ? ಒಂದು ಹೂವು ಕೊಡಿ." ನಮ್ಮ ಬೀದಿಯಲ್ಲಿ ಪೂಜೆಯ ಹೂವು ಕಂಡರೆ ಯಾರೂ ಕೇಳಿ ಕಾಯುವುದಿಲ್ಲ. ಅವರೇ ಒದ್ದೆ ದಂಡೆಯ ತುದಿ ಹಿಡಿದು ಒಂದು ಹೂವು ಚಿವುಟಿಕೊಳ್ಳತೊಡಗಿದರು. "ಅವಳು ಹೊರಟಾಗ ಗಂಡ ಬಾಗಿಲಲ್ಲಿ ನಿಂತ್ಕೊಂಡು ಏನಂದ ಗೊತ್ತಾ? ಅವನು..."

"ಗ್ಯಾಸು ಸುಮ್ನೆ ಉರೀತಾ ಅದೆ," ಎಂದು ಅತ್ತೆ ಒಲೆ ಆರಿಸಿದರು.

ಕುಕ್ಕರಿಗೆ ಕೆಳಗಿನ ಉರಿ ಹೋಯಿತು. ಓಡದ ವಸ್ತುವಿನ ಮೇಲೆ ತಡೆ ಕೂರುವುದಿಲ್ಲ. ಸೀಟಿ ಪುಸಕ್ಕೆಂದು ಇಳಿಯಿತು. ಅಂಬುಜಾಕ್ಷಿ, ಒಂದು ಕೈಯಲ್ಲಿ ದಂಡೆ, ಇನ್ನೊಂದು ಕೈಯಲ್ಲಿ ಹೂವನ್ನು ಜಡೆಗೆ ಎತ್ತಿದವರು, ಬಾಯನ್ನು 'ನು'ಕಾರಕ್ಕೆ ಸೊಟ್ಟ ಮಾಡಿಕೊಂಡು ನಿಂತೇಬಿಟ್ಟರು. ರೆಪ್ಪೆ ಕೂಡ ಅಲುಗಲಿಲ್ಲ. ಲ್ಯಾಪ್‌ಟಾಪು ತೊಂಬತ್ತೈದಕ್ಕೆ ಹಾರಿತು.

"ಅವನು ಏನಂದ?" ಎಂದರು ಅತ್ತೆ. ಉತ್ತರವಿಲ್ಲ. ಅತ್ತೆ ಅವರ ಮುಖದ ಮುಂದೆ ಕೈಯಾಡಿಸಿದರು. "ಅಯ್ಯೋ, ಅವನು ಏನಂದ ಅಂತ ಹೇಳ್ಲೇ ಇಲ್ವಲ್ಲೋ ಇವಳು!"

"ಅವ್ವಾ, ಇನ್ನೈದು ಶೇಕಡಾ..."

"ನಿನ್ನ ಶೇಕಡಾ ಸುಟ್ಟೋಗ. ಪಾರ್ವತಿ ಮಗ ಏನಂದ ಅಂತ ನಂಗೆ ಗೊತ್ತಾಗ್ಬೇಕು. ಆರಿಸು ಮೊದ್ಲು!"

ಅತ್ತೆಯೇ ಸ್ವಿಚ್ ಆರಿಸಿದರು. ಅಂಬುಜಾಕ್ಷಿ ಹೂವನ್ನು ಜಡೆಗೆ ಮುಡಿದು, "...'ಹೋಗೋದು ಹೋಗು, ಟಿವಿ ರಿಮೋಟು ಎಲ್ಲಿಟ್ಟಿದೀಯ ಹೇಳಿ ಹೋಗು' ಅಂದನಂತೆ," ಎಂದು ಮುಗಿಸಿದರು. ನಡುವೆ ಏನಾಯಿತೆಂಬುದು ಅವರ ಗಮನಕ್ಕೇ ಬರಲಿಲ್ಲ. ಬೇಳೆ ಸಾರಿಗೆ ಒಂದಿಷ್ಟು ಹುಣಸೆಹಣ್ಣು ಕೇಳಿ ಪಡೆದುಕೊಂಡು ಮನೆಗೆ ಹೋದರು.

ಎಂಬತ್ತೇಳು.

ನನ್ನ ಫೋನಿನಲ್ಲಿ ಹನ್ನೊಂದಕ್ಕೆ ಕಾಲುಗಂಟೆಗೂ ಕಡಿಮೆ ಉಳಿದಿತ್ತು. ಶೈಲಜಾ ಅವರ ಸಂದೇಶ ಬಂದಿತ್ತು: 'ಎಲ್ಲ ಸಿದ್ಧ ತಾನೇ?' ನಾನು ಅದನ್ನು ತೆರೆಯದೆ ಫೋನನ್ನು ಬೋರಲು ಹಾಕಿದೆ. ಅಂಗೈ ಬೆವರಿತ್ತು. ಆ ಕೈಪಿಡಿಯ ಒಂದೊಂದು ಸಾಲನ್ನೂ ನಾನು ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಾ ಬಾಯಲ್ಲಿ ಹೇಳಿಕೊಂಡು ಹದ ಮಾಡಿದ್ದೆ.

ನಮ್ಮವರು ಗಲ್ಲ ಕೆರೆದುಕೊಂಡು ಯೋಚಿಸಿದರು. ಮಂಡಕ್ಕಿಯ ಡಬ್ಬಿ ತೆರೆದು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಆಮೇಲೆ ಕಪ್ಪು ಕ್ಲಿಪ್ಪನ್ನು ಬಹಳ ಪ್ರೀತಿಯಿಂದ ನನ್ನ ಕಡೆ ಚಾಚಿದರು.

"ನೀನು ಹಿಡ್ಕೋ."

"ನಾನಾ?"

"ನೋವೇನೂ ಆಗಲ್ಲ. ಅಂಬುಜಾಕ್ಷಿನ ನೋಡಿದೆಯಲ್ಲ, ಗೊತ್ತೂ ಆಗಲಿಲ್ಲ. ಸುಮ್ನೆ ಕೂತಿರು. ಅದು ನೂರಕ್ಕೆ ಮುಟ್ಟೋ ತನಕ. ನಿಂಗೆ ಅಭ್ಯಾಸ ಇದೆ."

"ನೂರಕ್ಕೆ ಮುಟ್ಟೋ ಹೊತ್ತಿಗೆ ಮೀಟಿಂಗ್ ಶುರುವಾಗಿರುತ್ತೆ. ಅಲ್ಲಿ ಯಾರು ಮಾತಾಡ್ತಾರೆ?"

"ನಾನಿಲ್ವಾ? ವಾಷಿಂಗ್ ಮಷೀನಿನ ಬಗ್ಗೆ ನಿನಗಿಂತ ನಂಗೇ ಚೆನ್ನಾಗಿ ಗೊತ್ತು. ಒಳಗೆಲ್ಲ ಬಿಚ್ಚಿ ನೋಡಿದೀನಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವುದಕ್ಕೋ ಬೈಯುವುದಕ್ಕೋ ನನಗೆ ಕಾಣಲಿಲ್ಲ.

ಕೆಟ್ಟ ಮನಸ್ಸಿನಿಂದ ಅವರು ಆ ಮಾತು ಹೇಳಲಿಲ್ಲ. ಅದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಕೆಟ್ಟ ಮನಸ್ಸಿದ್ದಿದ್ದರೆ ಎಷ್ಟೋ ಸುಲಭವಿತ್ತು. ಇದು ಊಟಕ್ಕೆ ಕುಳಿತಾಗ ನೀರಿಗೆ ಕೈಚಾಚುತ್ತಾರಲ್ಲ, ಅಂಥದ್ದು. ಲೋಟ ಅಲ್ಲಿರುತ್ತದೆಂಬ ನಂಬಿಕೆ.

"ಇಲ್ಲ," ಎಂದೆ.

"ಏನಿಲ್ಲ?"

"ನಾನು ಹಿಡ್ಕೊಳಲ್ಲ."

"ಪ್ರಮೀಳಾ, ಹಟ ಮಾಡೋ ಹೊತ್ತಲ್ಲ ಇದು. ಯಾರಾದ್ರೂ ಹಿಡ್ಕೊಳ್ಳಲೇಬೇಕು. ನಿಯಮ ಅದು."

"ನಿಯಮ ಗೊತ್ತು. ನಿಮಗಿಂತ ಮೊದಲೇ ಗೊತ್ತು. ಯಾರಾದರೂ ಅಂದ್ರೆ ನಾನೇ ಅಂತ ಆ ನಿಯಮದಲ್ಲಿ ಎಲ್ಲಿದೆ?"

"ಮತ್ತೆ ಇನ್ಯಾರು? ಅವ್ವನಿಗೆ ವಯಸ್ಸಾಯ್ತು. ನಾನು ಯಂತ್ರ ನೋಡ್ಕೋಬೇಕು..."

"ಆಯ್ತು ಬಿಡಿ," ಎಂದೆ. ಯಾವ ದನಿಯಲ್ಲಿ ಎಂದರೆ, 'ಒಗ್ಗರಣೆ ಹಾಕುತ್ತೇನೆ' ಎನ್ನುವ ದನಿಯಲ್ಲಿ. ಕಪ್ಪು ಕ್ಲಿಪ್ಪನ್ನು ಅವರ ಕೈಯಿಂದ ತೆಗೆದುಕೊಂಡೆ. ಲ್ಯಾಪ್‌ಟಾಪು, ಯಂತ್ರ ಎರಡನ್ನೂ ಊಟದ ಮೇಜಿಗೆ ತಂದು, ಕುರ್ಚಿ ಎಳೆದು, ಸೆರಗು ಸರಿಮಾಡಿಕೊಂಡು ಕುಳಿತೆ. ನಮ್ಮವರು ಹಿಂದೆಯೇ ಬಂದರು. ಮೀಟಿಂಗಿನಲ್ಲಿ ತಾವು ಏನು ಹೇಳುವವರು ಎಂಬುದನ್ನು ಬೆರಳೆತ್ತಿ ನನಗೆ ವಿವರಿಸತೊಡಗಿದ್ದರು. ಕೈಪಿಡಿಯೇ ಬೇಡ, ಜನ ಬಿಚ್ಚಿ ಕಲಿಯಬೇಕು, ಇತ್ಯಾದಿ.

"ಕೈಯೆಲ್ಲ ಬೆವರು. ಒಂದ್ನಿಮಿಷ ಇದನ್ನ ಹಿಡ್ಕೊಳ್ಳಿ," ಎಂದೆ.

ಮಾತಿನ ನಡುವೆ ಯಾರು ಏನು ಕೊಟ್ಟರೂ ಹಿಡಿದುಕೊಳ್ಳುವುದು ಗಂಡಸರಿಗೆ ಅಭ್ಯಾಸವಿಲ್ಲ. ಆದರೆ ಯಂತ್ರದ ತುಂಡಾದ್ದರಿಂದ ಅವರು ಹಿಡಿದುಕೊಂಡರು.

"ನಾನು ಹೇಳೋದು ಏನಂದ್ರೆ..." ಎಂದರು.

ಸ್ವಿಚ್ ಹಾಕಿದೆ.

ಎತ್ತಿದ ತೋರುಬೆರಳು ಎತ್ತಿದಂತೆ, ತೆರೆದ ಬಾಯಿ ತೆರೆದಂತೆ ನಿಂತಿತು. ಮೀಸೆಯ ಮೇಲೊಂದು ಮಂಡಕ್ಕಿಯ ಕಾಳು. ಎಂಬತ್ತೆಂಟು. ತೊಂಬತ್ತು. ತೊಂಬತ್ತೈದು. ನಾನು ಅತ್ತೆಯ ಕಡೆ ನೋಡಿದೆ. ಹೆತ್ತ ತಾಯಿ. ಗಂಟೆಗಾಗಿ ಕೂಗಿದವರು, ಪಾರ್ವತಕ್ಕನ ಮಗನ ಮಾತಿಗಾಗಿ ಸ್ವಿಚ್ ಆರಿಸಿದವರು. ಈಗ ಅವರ ಕೈ ಸ್ವಿಚ್ಚಿನಿಂದ ಗೇಣು ದೂರದಲ್ಲಿತ್ತು.

ಅತ್ತೆ ಮಗನ ಸುತ್ತ ಒಂದು ಸುತ್ತು ಬಂದರು. ಎದೆಯ ಮೇಲೆ ಕೈಯಿಟ್ಟು ನೋಡಿದರು.

"ಬೆಚ್ಚಗವ್ನೆ. ಇವನಿಗೆ ನೋವಾಗ್ತದಾ?"

"ಇಲ್ಲ ಅತ್ತೆ. ಅಂಬುಜಾಕ್ಷಿಗೆ ಆಗಲಿಲ್ಲವಲ್ಲ."

"ಹಂಗಾದ್ರೆ ಇರ್ಲಿ ಬುಡು." ಅವರು ಸೆರಗಿನಿಂದ ಮಗನ ಮೀಸೆಯ ಮೇಲಿನ ಮಂಡಕ್ಕಿ ಒರೆಸಿದರು. ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತು, ಸುಮ್ಮನೆ ಆ ಎತ್ತಿದ ಬೆರಳನ್ನೇ ನೋಡಿದರು. "ಇವರಪ್ಪಂಗೂ ಇಂಥದ್ದೊಂದು ಇದ್ದಿದ್ರೆ," ಎಂದರು. ಆ ಮನೆಯಲ್ಲಿ ನನಗಿಂತ ಮೊದಲು ಕಪ್ಪು ಕ್ಲಿಪ್ಪು ಯಾರ ಕೈಯಲ್ಲಿತ್ತು ಎಂದು ನಾನು ಅದುವರೆಗೆ ಯೋಚಿಸಿರಲೇ ಇಲ್ಲ.

ನೂರು. ಪರದೆ ಕಪ್ಪಾಯಿತು. ಮತ್ತೆ ಬೆಳಗಿತು. ಫೈಲು ಇತ್ತು, ಚಿತ್ರಗಳ ಸಮೇತ.

ಸ್ವಿಚ್ ಆರಿಸಬಹುದಿತ್ತು. ನಾನು ಆರಿಸಲಿಲ್ಲ. ಬರೀ ಹೆದರಿ ಅಲ್ಲ, ತಡೆ ವಾಪಸ್ ಬಂದೀತೆಂಬ ಭಯವೂ ಇತ್ತು ನಿಜ. ಆದರೆ ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ಹನ್ನೊಂದಕ್ಕೆ ಕರೆ ಬಂತು. ಪರದೆಯ ಮೇಲೆ ಶೈಲಜಾ, ಇನ್ನೊಂದು ಚೌಕದಲ್ಲಿ ತಯಾರಕರ ಕಡೆಯ ಪೂವಯ್ಯ ಎಂಬವರು. ಅವರು ಕನ್ನಡಕ ಏರಿಸಿ ನನ್ನ ಭುಜದಾಚೆ ನೋಡಿದರು.

"ನಿಮ್ಮ ಹಿಂದೆ ಬೆರಳೆತ್ತಿ ನಿಂತಿರೋರು ಯಾರಮ್ಮ?"

"ನಮ್ಮ ಯಜಮಾನರು ಸರ್. ಅಪ್‌ಡೇಟ್ ಆಗ್ತಿದಾರೆ."

ಶೈಲಜಾ ಕೆಮ್ಮಿದರು. ಪೂವಯ್ಯನವರು ಸ್ವಲ್ಪ ಹೊತ್ತು ಬೆರಳನ್ನು ನೋಡಿ, ಅದು ಅಲುಗದ್ದರಿಂದ ಚಿತ್ರಪಟವೆಂದುಕೊಂಡರೋ ಏನೋ, ವಿಷಯಕ್ಕೆ ಬಂದರು.

"ನೇರವಾಗಿ ಕೇಳ್ತೀನಿ. ಕೈಪಿಡಿ ಯಾರು ಓದ್ತಾರೆ? ನೀವು ಬರೆದರೂ ಅಷ್ಟೇ, ಸಾಫ್ಟ್‌ವೇರ್ ಬರೆದರೂ ಅಷ್ಟೇ ಅಲ್ವಾ?"

ಇಂಥ ಪ್ರಶ್ನೆಗೆ ನಾನು ಎಂದಿನಂತಾದರೆ 'ಹಾಗಲ್ಲ ಸರ್' ಎಂದು ತೊದಲುತ್ತಿದ್ದೆ. ಹಿಂದೆ ಯಾರಾದರೂ ನನ್ನ ಪರವಾಗಿ ಉತ್ತರ ಹೇಳಿಬಿಡುತ್ತಿದ್ದರು. ಅಂದು ಹಿಂದೆ ಇದ್ದವರು ಹೇಳುವ ಸ್ಥಿತಿಯಲ್ಲಿರಲಿಲ್ಲ.

"ಹೆಂಗಸರು ಓದ್ತಾರೆ ಸರ್," ಎಂದೆ. "ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇರ್ತಾಳೆ. ಒಳಗೆ ಬಟ್ಟೆ, ನೀರು ತುಂಬಿದೆ, ಕೆಂಪಗೆ ಒಂದು ದೀಪ ಉರೀತಿದೆ. ಯಾರನ್ನ ಕೇಳಿದರೂ 'ನೀನೇನು ಮಾಡಿದೆ' ಅಂತಾರೆ. ಅವಳಿಗೋಸ್ಕರ ಬರೆದಿದೀನಿ. ಕೇಳಿ."

ಓದಿದೆ. 'ಯಂತ್ರ ನಡುವೆ ನಿಂತರೆ' ಎಂಬ ಭಾಗ. "ಗಾಬರಿಯಾಗಬೇಡಿ. ತಪ್ಪು ನಿಮ್ಮದಲ್ಲ. ಮೊದಲು ನಲ್ಲಿಯಲ್ಲಿ ನೀರು ಬರುತ್ತಿದೆಯೇ ನೋಡಿ. ಆಮೇಲೆ ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡಿ. ಇವೆರಡೂ ಸರಿಯಿದ್ದರೆ ಸ್ವಿಚ್ ಆರಿಸಿ, ಕಾಫಿ ಕುಡಿದು ಬಂದು, ಮತ್ತೆ ಹಾಕಿ. ಯಾರನ್ನೂ ಕರೆಯಬೇಕಾಗಿಲ್ಲ."

ಪೂವಯ್ಯನವರು ತಮ್ಮ ಮುಂದಿದ್ದ ಇನ್ನೊಂದು ಹಾಳೆಯನ್ನು ಓದಿಕೊಂಡರು. ಸಾಫ್ಟ್‌ವೇರಿನವರು ಮೊದಲೇ ಕಳಿಸಿದ್ದ ಮಾದರಿ ಅದು. "ಇದರಲ್ಲಿ 'ಬಳಕೆದಾರನ ದೋಷವನ್ನು ತೆಗೆದುಹಾಕಿ, ತರುವಾಯ ಬಳಕೆದಾರನನ್ನು ಮರುಪ್ರಾರಂಭಿಸಿ' ಅಂತ ಇದೆ," ಎಂದರು. ಮತ್ತೆ ನನ್ನ ಭುಜದಾಚೆ ನೋಡಿದರು. "ನಮ್ಮ ಹೆಂಡತಿ ಮಷೀನು ನಿಂತರೆ ನನಗೆ ಫೋನ್ ಮಾಡ್ತಾಳೆ. ನಾನು ಮೊದಲು ಕೇಳೋದು ಅದನ್ನೇ ನೋಡಿ. 'ನೀನೇನು ಮಾಡಿದೆ' ಅಂತ."

"ಗೊತ್ತು ಸರ್," ಎಂದೆ.

ಕೈಪಿಡಿ ನನ್ನದೇ ಎಂದು ತೀರ್ಮಾನವಾಯಿತು. ಬರಲಿರುವ ಫ್ರಿಜ್ಜಿನದೂ. ಹನ್ನೊಂದೂವರೆಯ ಸಾಫ್ಟ್‌ವೇರನ್ನು ಅವರು ನೋಡಲಿಲ್ಲವಂತೆ.

ಅತ್ತೆ ನನಗೊಂದು ಲೋಟ, ತಮಗೊಂದು ಲೋಟ ಕಾಫಿ ತಂದರು. ಇಬ್ಬರೂ ಕುಡಿದೆವು, ಆತುರವಿಲ್ಲದೆ. ಆಮೇಲೆ ನಾನು ಸ್ವಿಚ್ ಆರಿಸಿದೆ.

"...ಮೀಟಿಂಗಲ್ಲಿ ನಾನೇ ಮಾತಾಡ್ತೀನಿ," ಎಂದರು ನಮ್ಮವರು.

"ಮೀಟಿಂಗ್ ಮುಗೀತು."

"ಮುಗಿಯೋದು ಹೇಗೆ?" ಅವರು ಗೋಡೆ ಗಡಿಯಾರ ನೋಡಿದರು. ಅದು ಬಿಚ್ಚಿದಂದಿನಿಂದ ನಾಲ್ಕೂ ಇಪ್ಪತ್ತು ತೋರಿಸುತ್ತಿದೆ. ನಾನು ಫೋನು ತೋರಿಸಿದೆ. ಅವರು ಕಪ್ಪು ಕ್ಲಿಪ್ಪನ್ನು ನೋಡಿದರು, ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು. ಅತ್ತೆ ಲೋಟ ತೊಳೆಯಲು ಎದ್ದುಹೋದರು.

"ನನ್ನನ್ನ ನಿಲ್ಲಿಸಿದೆಯಾ?"

"ಯಾರಾದರೂ ಹಿಡ್ಕೊಳ್ಳಲೇಬೇಕಿತ್ತು. ನಿಯಮ ಅದು."

ಆ ದಿನ ಪೂರ್ತಿ ಮಾತು ಬಿಟ್ಟರು. ಮರುದಿನ ಬೆಳಿಗ್ಗೆ ವಾಷಿಂಗ್ ಮಷೀನಿನ ಎದುರು ಕುಕ್ಕರಗಾಲಲ್ಲಿ ಕುಳಿತು, ಶೈಲಜಾ ಒಪ್ಪಿದ ಮೇಲೆ ಅಚ್ಚು ತೆಗೆದಿದ್ದ ನನ್ನ ಕೈಪಿಡಿಯನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಸ್ಕ್ರೂ ಬಿಗಿದು ಮುಚ್ಚುತ್ತಿದ್ದರು. ನಾನು ನೋಡಿದರೂ ನೋಡದವಳಂತೆ ಹೋದೆ.

ಒಂದು ಲೆಕ್ಕ ಮಾತ್ರ ಉಳಿಯಿತು. ಸ್ವಿಚ್ ಆರಿಸಿದಾಗ ತಡೆ ಮನೆಗೆ ವಾಪಸ್ ಹೋಗಬೇಕಲ್ಲ. ಆದರೆ ಲ್ಯಾಪ್‌ಟಾಪಿನ ಅಪ್‌ಡೇಟು ಆಗಲೇ ಮುಗಿದುಹೋಗಿತ್ತು. ಅಲ್ಲಿ ಅದಕ್ಕೆ ಜಾಗವಿರಲಿಲ್ಲ. ಹೋಗಲು ಮನೆಯಿಲ್ಲದ ತಡೆ ಇದ್ದಲ್ಲೇ ಉಳಿಯಿತು. ನಮ್ಮವರು ಉಣ್ಣುತ್ತಾರೆ, ಓಡಾಡುತ್ತಾರೆ, ಪೇಟೆಗೆ ಹೋಗಿ ಬರುತ್ತಾರೆ, ಯಾವ ತೊಂದರೆಯೂ ಇಲ್ಲ. ಆದರೆ ಬೆರಳೆತ್ತಿ "ನಾನು ಹೇಳೋದು ಏನಂದ್ರೆ" ಎಂದ ಕೂಡಲೇ ಅಲ್ಲಿಗೇ ನಿಲ್ಲುತ್ತಾರೆ. ಕಣ್ಣಗುಡ್ಡೆ ಮಾತ್ರ ನಿಧಾನಕ್ಕೆ ಸುತ್ತು ತಿರುಗುತ್ತಿರುತ್ತದೆ, ಚುಕ್ಕೆಗಳ ಬಳೆಯ ಹಾಗೆ. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಅಷ್ಟರಲ್ಲಿ ನಾನು ಹೇಳಬೇಕಾದ್ದನ್ನು ಹೇಳಿ ಮುಗಿಸಿರುತ್ತೇನೆ, ಅತ್ತೆಯೂ ಮುಗಿಸಿರುತ್ತಾರೆ. ಅಂಬುಜಾಕ್ಷಿ ಬಂದಿದ್ದರೆ ಅವರು ಮಾತ್ರ ಮುಗಿಸಿರುವುದಿಲ್ಲ.

ಎಷ್ಟಾದರೂ ಕಟ್ಟಿಕೊಂಡವಳು. ಮೊನ್ನೆ ಮನಸ್ಸು ತಡೆಯದೆ ಅತ್ತೆಯನ್ನು ಕೇಳಿದೆ, ಆ ಯಂತ್ರವನ್ನು ಅಟ್ಟದಿಂದ ಇಳಿಸಿ ಇವರನ್ನೊಮ್ಮೆ ರಿಪೇರಿ ಮಾಡಿಸೋಣವೇ ಎಂದು.

ಅತ್ತೆ ಹೂ ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ.

"ಓಡ್ತಿರೋ ಮಿಷನ್ನ ಯಾಕವ್ವ ಬಿಚ್ತೀಯಾ?"